ಕೋಲಿನ ಮೊನೆ

"ಚುಚ್ಬೇಡಿ ಮೇಡಂ! ಅಲ್ಲಿ ನಮ್ಮ ಮಗು ಮಲಗೈತೆ."

ಸರ್ವೇಯರ್ ನಿಶಾತ್ ಜಿಪಿಎಸ್ ಕೋಲನ್ನು ಥಟ್ಟನೆ ಮೇಲೆತ್ತಿದಳು. ಶೆಟ್ಟಿಹಳ್ಳಿಯ ಆ ಹೊಲದ ಮೂಲೆಯಲ್ಲಿ ಪುಟ್ಟದೊಂದು ಮಣ್ಣಿನ ದಿಬ್ಬವಿತ್ತು, ಮೇಲೆ ಕೆಲವು ಕಲ್ಲುಗಳು. ಹೊಲವನ್ನು ಸೈಟುಗಳಾಗಿಸುವ ಲೇಔಟ್ ನಕ್ಷೆಗಾಗಿ ಅವಳು ಹೊಲದಲ್ಲಿರುವ ಪ್ರತಿಯೊಂದನ್ನೂ ಕೋಲು ತಾಕಿಸಿ ಗುರುತಿಸಬೇಕಿತ್ತು.

"ಸಮಾಧಿ ಅಂತ ಹಾಕ್ಲಾ ಅಕ್ಕಾ?" ಎಂದು, ಕೂಗಿ ತಡೆದಿದ್ದ ಮಂಜುಶ್ರೀಯನ್ನು ಕೇಳಿದಳು.

"ಕಲ್ಲುರಾಶಿ ಅಂತ ಹಾಕ್ಕೊಳಿ," ಎಂದ ಮಂಜುಶ್ರೀಯ ಗಂಡ ಅನಂತರಾಜು. "ಸಮಾಧಿ ಅಂದ್ರೆ ಯಾವನ್ ಬರ್ತಾನೆ ಸೈಟ್ ತಗೊಳಕ್ಕೆ? ಅದ್ರ ಮೇಲೆ ರೋಡ್ ಬರುತ್ತೆ."

"ನಿಮ್ಗೂ ಮಗಳೇ ಅಲ್ವೇನ್ರೀ ಅವ್ಳು?"

ನಿಶಾತ್ ಹಿಂಜರಿಯುವುದನ್ನು ಕಂಡು ಅನಂತರಾಜು ಕೋಲನ್ನು ತಾನೇ ತೆಗೆದುಕೊಂಡ. ಚಪ್ಪಲಿ ಬಿಟ್ಟು ದಿಬ್ಬದ ಪಕ್ಕ ನಿಂತು, ಮೊನೆಯನ್ನು ಮಣ್ಣಿಗೆ ತಾಕಿಸಿದ.

"ಅಲುಗಾಡ್ತಿದೆ ಸರ್. ಪಾಯಿಂಟ್ ತಗೊಳ್ತಿಲ್ಲ," ಎಂದಳು ನಿಶಾತ್, ಕೈಯಲ್ಲಿದ್ದ ಯಂತ್ರದ ಪರದೆಯನ್ನು ನೋಡುತ್ತ.

ಅವನು ಎರಡೂ ಕೈಯಲ್ಲಿ ಹಿಡಿದ. ಕೋಲು ಇನ್ನೂ ನಡುಗುತ್ತಿತ್ತು. ಮಂಜುಶ್ರೀ ಬಹಳ ಹೊತ್ತು ಆ ಕೈಗಳನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು, ಅವುಗಳ ಮೇಲೆ ತನ್ನ ಕೈಗಳನ್ನಿಟ್ಟು ಬಿಗಿಯಾಗಿ ಹಿಡಿದಳು. ಕೋಲು ಅಲುಗದೆ ನಿಂತಿತು.

ಪಾಯಿಂಟ್ ತಗೊಂಡ ಯಂತ್ರ ಬೀಪ್ ಎಂದಿತು.