ನಾಲ್ಕು, ಐದು

“ಈ ನಾಲ್ಕು, ಐದನ್ನೆಲ್ಲ ಯಾರು ಹಾಕ್ದೋರು?”

ಮನೋಹರ್ ಅಚ್ಚಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿದ. ರಾಮನಗರದ ಆ ಪುಟ್ಟ ಕಚೇರಿ ಅವನದು. ಜರ್ಮನಿಯ ಪ್ರಕಾಶಕರು ಹಳೆಯ ಪಿಯಾನೊ ಕೃತಿಗಳ ಹಸ್ತಪ್ರತಿ ಕಳಿಸುತ್ತಾರೆ. ಇಲ್ಲಿ ಕಂಪ್ಯೂಟರಿನಲ್ಲಿ ಸ್ವರಲಿಪಿ ಜೋಡಿಸಿ ಕೊಡಬೇಕು. ವಿದ್ವಾಂಸರಿಗಾಗಿ ತರುವ ಆವೃತ್ತಿ. ನಿಯಮ ಒಂದೇ: ಇದ್ದದ್ದು ಇದ್ದಂತೆ.

“ನಮ್ಗೆ ಬೆರಳೆಣಿಸಾಕೂ ಬರಾಕಿಲ್ವೇನ್ರಪ್ಪ!” ಎಂದು ಪಕ್ಕದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದ ಅಸದುಲ್ಲಾ ನಕ್ಕ. ತಕ್ಷಣ ನಾಲಿಗೆ ಕಚ್ಚಿಕೊಂಡ. ಬೇರೆ ಯಾರೂ ನಗಲಿಲ್ಲ.

“ನಾನೇ ಸಾರ್,” ಎಂದಳು ಸಿರಿ.

ಅವಳ ಮೂರು ತಿಂಗಳ ಪರೀಕ್ಷಾವಧಿ ಅಂದಿಗೆ ಮುಗಿಯುತ್ತಿತ್ತು. ಬಿಡದಿಯ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ವಿಭಾಗ ಬಿಟ್ಟ ಮೇಲೆ ಚನ್ನಪಟ್ಟಣದಲ್ಲಿ ಸಂಜೆ ತರಗತಿಗೆ ಹೋಗಿ ಕಲಿತ ವಿದ್ಯೆ ಇದು. ಟೈಪಿಂಗ್ ನಿಧಾನ. ತಪ್ಪು ಮಾತ್ರ ಇರುತ್ತಿರಲಿಲ್ಲ. ಒಂದೊಂದು ಪುಟವನ್ನೂ ಮೂರು ಸಲ ತಾಳೆ ನೋಡುತ್ತಿದ್ದಳು. “ನಿಂಗೆ ಕೆಲ್ಸ ಕೊಟ್ಟವ್ರಲ್ಲ, ಅದೇ ದೊಡ್ದು. ಕಳ್ಕಬ್ಯಾಡ ಕಣವ್ವ,” ಎಂದು ತಾಯಿ ಚಿನ್ನಮ್ಮ ದಿನಾ ಹೇಳಿ ಕಳಿಸುತ್ತಿದ್ದಳು.

ಪಿಯಾನೊ ಲಿಪಿಯಲ್ಲಿ ಸ್ವರದ ಮೇಲೆ ಸಣ್ಣ ಅಂಕಿ ಇರುತ್ತದೆ, ಯಾವ ಬೆರಳಿನಿಂದ ಒತ್ತಬೇಕೆಂದು. ಹೆಬ್ಬೆರಳು ಒಂದು, ಕಿರುಬೆರಳು ಐದು. ಈ ಹಸ್ತಪ್ರತಿಯಲ್ಲಿ ಬಲಗೈಗೆ ಒಂದು, ಎರಡು, ಮೂರು ಅಷ್ಟೇ. ಸಿರಿ ಕಣ್ಣುಜ್ಜಿಕೊಂಡು ನೋಡಿದಳು. ಕೊನೆಗೆ ಕಪಾಟಿನಿಂದ ಅದೇ ಕೃತಿಯ ಹಳೆಯ ಮುದ್ರಣ ತೆಗೆದಳು. ಅದರಲ್ಲಿ ಐದೂ ಇದ್ದವು. ನಲವತ್ತು ಪುಟಕ್ಕೂ ಅದನ್ನೇ ನೋಡಿ ಹಾಕಿದಳು.

“ಆ ಸಂಗೀತಗಾರನ ಬಲಗೈಯಲ್ಲಿ ಎರಡು ಬೆರಳು ಹೋಗಿದ್ವಂತೆ,” ಎಂದು ಮನೋಹರ್ ಪ್ರಕಾಶಕರ ಪತ್ರ ಮಡಿಸಿದ. “ತಾನು ನುಡಿಸಕ್ಕೆ ಅಂತ್ಲೇ ಬರ್ಕೊಂಡಿದ್ದು. ಸತ್ತ ಮೇಲೆ ಮುದ್ರಕರು ಐದೂ ಸೇರಿಸಿಬಿಟ್ರು. ಅವನು ಬರೆದ ಹಾಗೇ ತರೋದಕ್ಕೆ ಈ ಆವೃತ್ತಿ. ನಮ್ಮ ಕೈಯಿಂದ ಕೆಲಸ ವಾಪಸ್ ತಗೊಂಡಿದಾರೆ.”

ಸಿರಿ ಹರಡಿದ್ದ ಹಾಳೆಗಳನ್ನು ಪುಟದ ಕ್ರಮದಲ್ಲಿ ಜೋಡಿಸಿಟ್ಟಳು.

“ನಾಳೆಯಿಂದ ಬರಬೇಡಮ್ಮ. ನಾನೂ ಏನೂ ಮಾಡಕ್ಕಾಗಲ್ಲ.”

ಅಸದುಲ್ಲಾ ಬಾಗಿಲವರೆಗೆ ಹಿಂದೆ ಬಂದ. “ಹಸ್ತಪ್ರತಿ ಕಣ್ಮುಂದೇನೇ ಇತ್ತಲ್ಲವ್ವ. ಯಾಕ್ ಹಿಂಗ್ ಮಾಡ್ದೆ?”

“ಮೂರೇ ಬೆರಳು ಹಾಕಿದ್ರೆ, ತನ್ನ ಕೈ ನೋಡ್ಕಂಡು ಹಾಕವ್ಳೆ ಅಂತ ನೀವೆಲ್ಲ ಅಂದ್ಬುಡ್ತೀರ ಅಂತ ಹೆದ್ರಿಕಂಡೆ ಅಣ್ಣ,” ಎಂದಳು ಸಿರಿ, ಪ್ರೆಸ್ ಯಂತ್ರ ಉಳಿಸಿದ್ದ ಮೂರು ಬೆರಳಿನಿಂದ ಚೀಲದ ಜಿಪ್ ಎಳೆಯುತ್ತ.