ಮುಚ್ಚಳದ ಬೊಟ್ಟು

ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಕೆಲಸವನ್ನು ಚುರುಕಾಗಿಸುವ ನನ್ನ ನಿಕಲ್ ಕೆಟಲಿಸ್ಟು ಹೋದ ವಾರ ಕುದಿಯುವ ಹಾಲಿನಂತೆ ಗುಳ್ಳೆ ಉಕ್ಕಿಸಿತ್ತು. ಈ ಶುಕ್ರವಾರ ಹೊಸ ಗಾಜಿನ ಪಾತ್ರೆಯಲ್ಲಿ ಅದೇ ಕೆಟಲಿಸ್ಟು ನಾಲ್ಕು ಗುಳ್ಳೆ ಬಿಟ್ಟು ಸುಮ್ಮನಾಯಿತು. ನಡುವಿನ ದಿನಗಳಲ್ಲಿ ನಾನು ಈ ಪರದೇಶದ ಊರು ಮೆಡೋವೇಲಿನ ನಮ್ಮ ಲ್ಯಾಬಿನಲ್ಲಿ ದೊಡ್ಡ ಮನುಷ್ಯರಂತೆ ನಿಧಾನವಾಗಿ ನಡೆಯಲು ಕಲಿತಿದ್ದೆ. ಪ್ರಬಂಧದ ಮೇಲೆ ನನ್ನ ಹೆಸರೇ ಮೊದಲು. ಸಂಜೆ ಐದಕ್ಕೆ ಅದು ಪ್ರಕಟಣೆಗೆ ಹೋಗಬೇಕಿತ್ತು.

"ನಿಜಗುಣ ಸರ್, ಹಳೇ ಪಾತ್ರೆಯಲ್ಲಿರೋ ನೀರಲ್ಲಿ ಕಬ್ಬಿಣ ಇದೆ," ಎಂದಳು ಚೈತನ್ಯಾ, ಟೆಸ್ಟ್ ರಿಪೋರ್ಟು ಹಿಡಿದುಕೊಂಡು. ಬೆಂಗಳೂರಿನವಳು, ಲ್ಯಾಬಿಗೆ ಸೇರಿ ಆರು ತಿಂಗಳು.

"ಹೆಂಗ್ ಸಾಧ್ಯ? ಕಬ್ಬಿಣ ಇಲ್ಲದ ಕೆಟಲಿಸ್ಟು ಅಂತ ಪೇಪರಿನ ಟೈಟಲ್ಲೇ ಐತಿ."

ನಿಕಲ್ಲಿಗೆ ಚಿಟಿಕೆ ಕಬ್ಬಿಣ ಬೆರೆತರೆ ಗುಳ್ಳೆ ಉಕ್ಕುತ್ತದೆ ಎಂಬುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಕಬ್ಬಿಣವಿಲ್ಲದೆ ಉಕ್ಕಿಸಿದ್ದೇ ನನ್ನ ಆರು ವರ್ಷದ ಸಾಧನೆ.

ಅವಳು ಹಳೆಯ ಪಾತ್ರೆಯ ಮುಚ್ಚಳ ತಿರುಗಿಸಿ ತೋರಿಸಿದಳು. ಅಂಚಿನಲ್ಲಿ ಕೆಂಪು ಬೊಟ್ಟು. "ಇದೇನ್ ಸರ್?"

ಹೋದ ವಾರ ಆಯುಧಪೂಜೆಯ ದಿನ ಎಲ್ಲರೂ ಊಟಕ್ಕೆ ಹೋದಾಗ ನಾನೇ ಹಚ್ಚಿದ ಕುಂಕುಮ. ಕಾರಿಗೆ ಹಚ್ಚಿ ಉಳಿದ ಪೊಟ್ಟಣ ಕೋಟಿನ ಜೇಬಿನಲ್ಲಿತ್ತು. ಪಿಎಚ್‌ಡಿ ಮಾಡಿದವನು ಬೊಟ್ಟಿಟ್ಟು, ಕೈಮುಗಿದು, ಅದೇ ಬೆರಳಿನಿಂದ ಮುಚ್ಚಳ ತೆಗೆದು ಪ್ರಯೋಗ ಶುರು ಮಾಡಿದ್ದೆ. ನಾನು ತೆಗೆದುಕೊಟ್ಟ ಆ ಪೊಟ್ಟಣವನ್ನೂ ಚೈತನ್ಯಾ ಪರೀಕ್ಷಿಸಿ ಬಂದಳು. ಅಗ್ಗದ ಮಾಲು, ಬಣ್ಣಕ್ಕೆಂದು ಕಬ್ಬಿಣದ ಕೆಂಪು ಪುಡಿ ಬೆರೆಸಿದ್ದರು.

"ಒರೆಸಿಬಿಡ್ಲಾ ಸರ್?" ಎಂದಳು ಮೆಲ್ಲಗೆ. "ಹೋದ ವಾರದ ರೀಡಿಂಗ್ಸ್ ಇದ್ಯಲ್ಲ. ಯಾರ್ ಬಂದು ಚೆಕ್ ಮಾಡ್ತಾರೆ?"

ತಕ್ಷಣ ಬೇಡವೆಂದೆ ಎಂದು ಹೇಳಿಕೊಳ್ಳುವ ಆಸೆಯಿದೆ. ನಿಜವಾಗಿ ಒಂದು ಕಾಫಿ ಕುಡಿಯುವಷ್ಟು ಹೊತ್ತು ಯೋಚಿಸಿದೆ.

"ಬ್ಯಾಡ ಬಿಡವಾ, ಹಂಗs ಇರ್ಲಿ," ಎಂದು ಪ್ರಬಂಧ ತಡೆಹಿಡಿಯುವ ಫಾರಮ್ಮು ತೆರೆದೆ.

ಬೆರೆತದ್ದೇನು ಎಂದು ಕೇಳಿತ್ತು: ಕುಂಕುಮ. ಬೆರೆಸಿದವರು ಯಾರು: ನಾನೇ. ಕೊನೆಯ ಪ್ರಶ್ನೆ, ಕಾರಣ. ಹಬ್ಬ ಎಂದು ಬರೆದು ಅಳಿಸಿದೆ. ನಮ್ಮ ಸಂಪ್ರದಾಯ ಎಂದು ಬರೆದು ಅದನ್ನೂ ಅಳಿಸಿದೆ. ಐದಕ್ಕೆ ಎರಡು ನಿಮಿಷವಿದ್ದಾಗ ಇದ್ದದ್ದನ್ನು ಬರೆದೆ: "ನನ್ನ ಕೆಟಲಿಸ್ಟಿನ ಮೇಲೆ ನನಗೇ ನಂಬಿಕೆ ಇರಲಿಲ್ಲ."