ಡಂಪರ್ ಓಡಿಸಿದ ವರ

ಅಣೆಕಟ್ಟು ಕಟ್ಟಿದ ಕಾಲದ ಫೋಟೋಗಳ ಪ್ರದರ್ಶನಕ್ಕೆ ತಾನು ಬರುವುದಿಲ್ಲವೆಂದು ಚೆನ್ನಿಗಪ್ಪ ಮಂಡಿನೋವಿನ ನೆಪ ಹೇಳಿ ನೋಡಿದ. ಹೆಂಡತಿ ದೇವೀರಮ್ಮ ಬಿಡಲಿಲ್ಲ. ಮಣ್ಣು ಸಾಗಿಸುತ್ತಿದ್ದ ಆ ದೈತ್ಯ ಡಂಪರನ್ನು ಓಡಿಸಿದವನು ತಾನೇ ಎಂದು ಮದುವೆಯಾದಂದಿನಿಂದ ಅವಳ ಮುಂದೆ ಕೊಚ್ಚಿಕೊಳ್ಳುತ್ತಲೇ ಬಂದಿದ್ದ. ನಿಜಕ್ಕೂ ಅವನು ಅಲ್ಲಿ ತಿರುಗಿಸಿದ್ದು ಸ್ಟೀರಿಂಗನ್ನಲ್ಲ, ಕೂಲಿಗಳ ಅಡುಗೆಮನೆಯ ಮುದ್ದೆಕೋಲನ್ನು.

ಒಳಗೆ ಕಾಲಿಡುತ್ತಲೇ ಅವನು ಬಾಗಿಲಲ್ಲೇ ನಿಂತುಬಿಟ್ಟ. ಗೋಡೆಯ ಮೇಲೆ ಸಾಲಾಗಿ ನಾಲ್ಕು ಫೋಟೋಗಳು, ನಾಲ್ಕರಲ್ಲೂ ಅದೇ ಡಂಪರ್. ಹೆಣ್ಣಿನ ಕಡೆಯವರಿಗೆ ಕಳಿಸಲೆಂದು ಅಡುಗೆಮನೆಯ ಹುಡುಗರೆಲ್ಲ ಕ್ಯಾಂಪಿನ ಫೋಟೋಗ್ರಾಫರನನ್ನು ಕಾಡಿ ಬೇಡಿ ತೆಗೆಸಿಕೊಂಡಿದ್ದವು. ಮೂವರು ಸ್ಟೀರಿಂಗ್ ಹಿಡಿದು ಮುಖ ಬಿಗಿದುಕೊಂಡು ಕುಳಿತಿದ್ದರು. ನಾಲ್ಕನೆಯವನು ಚೆನ್ನಿಗಪ್ಪ, ಹಾರ್ನ್ ಒತ್ತುತ್ತ ಹಲ್ಲುಬಿಟ್ಟು ನಗುತ್ತಿದ್ದ.

“ಆ ಕಡೆ ಕ್ರೇನ್ ಫೋಟೋ ಚೆನ್ನಾಗೈತೆ, ಬಾ,” ಎಂದ.

ದೇವೀರಮ್ಮ ಕದಲಲಿಲ್ಲ. “ಇವರೆಲ್ಲಾ ಡ್ರೈವರ್‌ಗಳಾ?”

“ಹೂಂ. ಪಾಳಿ ಮೇಲೆ ಓಡಿಸ್ತಿದ್ವಿ.”

“ಈ ಪಟ್ಟೆ ಕೋಟೂ ಪಾಳಿ ಮೇಲೇನಾ?”

ಆಗಲೇ ಚೆನ್ನಿಗಪ್ಪನಿಗೆ ಕಂಡದ್ದು, ನಾಲ್ವರ ಮೈಮೇಲೂ ಇದ್ದದ್ದು ಎಂಜಿನಿಯರರ ಮನೆಯಿಂದ ಕೇಳಿ ತಂದಿದ್ದ ಒಂದೇ ಕೋಟು. ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡ. “ಅದು ಏನಾಯ್ತು ಅಂದ್ರೆ...”

“ಸುಮ್ಕಿರಿ,” ಎಂದಳು ದೇವೀರಮ್ಮ. “ಮದ್ವೆ ದಲ್ಲಾಳಿ ಈ ನಾಕು ಫೋಟೋನೂ ಒಟ್ಗೇ ತಂದು ನನ್ ಮುಂದೆ ಮಡಗಿದ್ದ. ಯಾರೂ ಡ್ರೈವರ್ ಅಲ್ಲ ಅಂತ ಆವತ್ತೇ ಗೊತ್ತಾಯ್ತು, ನಗ್ತಾ ಇದ್ದೋರು ನೀವೊಬ್ರೇ ಅಂತ ಒಪ್ಕೊಂಡೆ.”